ಅತ್ತೆಯ ಬಾಡಿಗೆ ವಹಿ

ಆ ಮೆಸೇಜನ್ನು ನಾನು ಶಿರಸಿಯ ಮನೆಯಲ್ಲಿ ಕೂತು ಬರೆದೆ. ರಾತ್ರಿ ಊಟ ಆಗಿತ್ತು. ಐದು ನಿಮಿಷ ಹಿಡಿದಿರಬಹುದು. "ನಮಸ್ಕಾರ. ಮುಂದಿನ ತಿಂಗಳಿಂದ ಬಾಡಿಗೆ 7000 ರೂಪಾಯಿ. ದಯವಿಟ್ಟು ಸಹಕರಿಸಿ." ಒಂದೇ ಕಟ್ಟಡದ ಮುಂದೆ, ಹಿಂದೆ, ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೂರೂ ಮನೆಯವರಿಗೆ ಅದೇ ಮಾತು. 2024ರ ಸೆಪ್ಟೆಂಬರ್ ಕೊನೆ ಅದು. ಕಾರವಾರದ ಮನೆ ನನ್ನ ಹೆಸರಿಗೆ ಬಂದು ಎರಡು ತಿಂಗಳಾಗಿತ್ತು.

ಮಾಳಿಗೆಯಲ್ಲಿದ್ದ ಇಬ್ಬರು ನರ್ಸ್ ಹುಡುಗಿಯರ ಉತ್ತರ ಹತ್ತೇ ನಿಮಿಷದಲ್ಲಿ ಬಂತು. "ಆಯ್ತು ಮೇಡಂ, ನಾವು ಬೇರೆ ಕಡೆ ನೋಡ್ತೇವೆ." ಮುಂದಿನ ಮನೆಯವರು ಓದಿದರು. ಏನೂ ಬರೆಯಲಿಲ್ಲ. ಹಿಂದಿನ ಮನೆಯ ಅಕ್ಕನಿಗೆ ಓದಲು ಬರುವುದಿಲ್ಲ. ಅವಳ ಫೋನಿಗೆ ಬಂದದ್ದನ್ನು ಮಗ ಓದಿ ಹೇಳಬೇಕು. ಅವನು ಗಟ್ಟಿಯಾಗಿ ಓದಿದನಂತೆ. ಅವಳು ಎರಡನೇ ಸಲ ಓದು ಅಂದಳಂತೆ. ಆಮೇಲೆ ಅನ್ನದ ಪಾತ್ರೆ ಮುಚ್ಚಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳಂತೆ. ಇದೆಲ್ಲ ಆ ಹುಡುಗನೇ ಎಷ್ಟೋ ದಿನದ ಮೇಲೆ ನನಗೆ ಹೇಳಿದ್ದು.

ಬಾಡಿಗೆ ಏರಿಸಬಾರದಿತ್ತು ಅಂತ ನಾನು ಈಗಲೂ ಹೇಳುವುದಿಲ್ಲ. ಏರಿಸಲೇಬೇಕಿತ್ತು. ಆದರೆ ಹಾಗಲ್ಲ.

ಮನೆ ನನ್ನ ಸೋದರತ್ತೆಯದು. ಅಪ್ಪನ ಅಕ್ಕ. ಕಾರವಾರದಲ್ಲಿ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದರು. ಮದುವೆ ಆಗಲಿಲ್ಲ. ಸಂಬಳದಲ್ಲಿ ಉಳಿಸಿ, ಪಿಎಫ್ ಮೇಲೆ ಸಾಲ ತೆಗೆದು 1988ರಲ್ಲಿ ನಂದನಗದ್ದಾದಲ್ಲಿ ಮನೆ ಕಟ್ಟಿಸಿದರು. ಚಿರೆಕಲ್ಲಿನ ಗೋಡೆ. ಮುಂದಿನ ಭಾಗಕ್ಕೆ ಸ್ಲ್ಯಾಬು, ಅದರ ಮೇಲೆ ಒಂದು ಮಾಳಿಗೆ. ಹಿಂದಿನ ಭಾಗಕ್ಕೆ ಹಂಚು. ನಡುವೆ ಎರಡು ಕೋಣೆ ಅತ್ತೆಯದು. ಉಳಿದ ಮೂರನ್ನು ಬಾಡಿಗೆಗೆ ಕೊಟ್ಟಿದ್ದರು. ತೀರಿಹೋಗುವ ಮೊದಲು ವಿಲ್ ಬರೆದು ನನಗೆ ಬಿಟ್ಟರು. ಸಣ್ಣವಳಿದ್ದಾಗ ಪ್ರತಿ ಬೇಸಿಗೆ ರಜೆಯನ್ನು ನಾನು ಅಲ್ಲೇ ಕಳೆದವಳು. ಅದಕ್ಕೇ ಇರಬೇಕು.

ಬಾಡಿಗೆ ಎಷ್ಟಿತ್ತು ಅಂದರೆ, ಹಿಂದಿನ ಮನೆಗೆ 3800, ಮುಂದಿನ ಮನೆಗೆ 4500, ಮಾಳಿಗೆಗೆ 5000. ಹಿಂದಿನ ಮನೆಯ ಬಾಡಿಗೆ 2015ರಿಂದ ಒಂದು ರೂಪಾಯಿಯೂ ಏರಿರಲಿಲ್ಲ. ಮನೆ ನೋಡಲು ಬಂದ ಬ್ರೋಕರ್ ಒಬ್ಬರು ಸುತ್ತ ಕಣ್ಣಾಡಿಸಿ, "ಇಷ್ಟಕ್ಕಾ? ಯಾವ ಮನೆಗೂ ಏಳು ಸಾವಿರಕ್ಕೆ ಕಮ್ಮಿ ಇಲ್ಲ" ಅಂದರು. ಸುಳ್ಳಲ್ಲ. ಕಾರವಾರ ಈಗ ಮೊದಲಿನ ಕಾರವಾರ ಅಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ನದಿ. ಊರು ಹಿಗ್ಗಲು ಜಾಗವೇ ಇಲ್ಲ. ಅಂಥ ಊರಿಗೆ ಅರ್ಗಾದ ನೌಕಾನೆಲೆಯ ಕೆಲಸದವರು ಬರುತ್ತಾರೆ. ಕೈಗಾ ಅಣುಸ್ಥಾವರದಲ್ಲಿ 5 ಮತ್ತು 6ನೇ ಘಟಕದ ಕೆಲಸಕ್ಕೆ ಬಂದವರು ಬರುತ್ತಾರೆ. ಮೆಡಿಕಲ್ ಕಾಲೇಜಿನ ಹುಡುಗರು, ನರ್ಸುಗಳು ಬರುತ್ತಾರೆ. ಎಲ್ಲರಿಗೂ ಮನೆ ಬೇಕು, ಅಲ್ವಾ?

ನನ್ನ ಕಡೆಯ ಲೆಕ್ಕವೂ ಇತ್ತು. ಮೂರೂ ಬಾಡಿಗೆ ಸೇರಿಸಿದರೆ ತಿಂಗಳಿಗೆ 13,300. ವರ್ಷಕ್ಕೆ 1,59,600. ಹಿಂದಿನ ಭಾಗದ ಮಾಡು, ಅಂದರೆ ಚಾವಣಿ, ತೆಗೆದು ಮರದ ಪಕಾಸು, ರೀಪು ಬದಲಿಸಿ ಹಂಚು ಹೊಸದಾಗಿ ಹೊದಿಸಲು ಬಡಗಿ ಹೇಳಿದ್ದು 1,85,000. ಅಂದರೆ ಒಂದು ಇಡೀ ವರ್ಷದ ಬಾಡಿಗೆ ಹಾಕಿದರೂ ಮಾಡೇ ಮುಗಿಯುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ಅದು. ಉಪ್ಪುಗಾಳಿ ಬೇರೆ. ಕಬ್ಬಿಣದ ಕೊಂಡಿ ಮೂರು ವರ್ಷಕ್ಕೆ ಬಿಸ್ಕಿಟ್ ಹಾಗೆ ಪುಡಿಯಾಗುತ್ತದೆ. ಮನೆ ಸುಮ್ನೆ ನಿಂತಿರುವುದಿಲ್ಲ. ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಸಹಕಾರಿ ಬ್ಯಾಂಕಿನಲ್ಲಿ ದಿನವಿಡೀ ಲೆಕ್ಕ ನೋಡುವವಳು ನಾನು. ಇನ್ನೊಂದು ಲೆಕ್ಕವನ್ನೂ ಮಾಡಿದೆ. 2015ರ 3800ಕ್ಕೆ ಅತ್ತೆ ವರ್ಷಕ್ಕೆ ಶೇ. 5ರಂತೆ ಏರಿಸುತ್ತ ಬಂದಿದ್ದರೆ 2024ಕ್ಕೆ ಅದು ಸುಮಾರು 5900 ಆಗುತ್ತಿತ್ತು. ಯಾರಿಗೂ ನೋವಾಗುತ್ತಿರಲಿಲ್ಲ. ಒಂಬತ್ತು ವರ್ಷ ಸುಮ್ಮನಿದ್ದು ಹತ್ತನೇ ವರ್ಷ 7000 ಅಂದರೆ ಶೇ. 84 ಏರಿಕೆ. ಅಷ್ಟು ಸಂಬಳ ನನಗೆ ಒಮ್ಮೆಯೂ ಏರಿಲ್ಲ. ಹಿಂದಿನ ಮನೆಯ ಅಕ್ಕನ ಮೀನಿನ ಬುಟ್ಟಿಯಲ್ಲಿ ಏರುತ್ತದಾ? ಈ ಲೆಕ್ಕವನ್ನು ನಾನು ಮಾಡಿದ್ದು ಮೆಸೇಜ್ ಕಳಿಸಿದ ಮರುದಿನ. ಮೊದಲು ಮಾಡಬೇಕಿತ್ತು.

ಅದೇ ದಿನ ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. ನಾನು ಏನೋ ದೊಡ್ಡ ಹಕ್ಕು ಚಲಾಯಿಸಿದ್ದೇನೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ.

"ಕರ್ನಾಟಕ ಬಾಡಿಗೆ ಕಾಯಿದೆ 1999ರದ್ದು. ತಿಂಗಳಿಗೆ 3500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆ ಅದರೊಳಗೆ ಬರೋದಿಲ್ಲ. ಸಣ್ಣ ಊರುಗಳಲ್ಲಿ ಆ ಮಿತಿ ಇನ್ನೂ ಕಮ್ಮಿ, 2000. ನಿನ್ನ ಮೂರೂ ಮನೆ ಹೊರಗೇ. ಹಾಗಾಗಿ 1882ರ ಆಸ್ತಿ ವರ್ಗಾವಣೆ ಕಾಯಿದೆ ನೋಡ್ಬೇಕು. ಅದರಲ್ಲಿ ಏನಿದೆ? ಮನೆ ಕೈ ಬದಲಾದ್ರೂ ಬಾಡಿಗೆಯವರ ಹಳೆ ಒಪ್ಪಂದ ಹಾಗೇ ಮುಂದುವರಿತದೆ. ನಿಮ್ಮತ್ತೆ ಯಾವ ಜಾಗದಲ್ಲಿದ್ದರೋ ನೀನು ಆ ಜಾಗದಲ್ಲಿ ನಿಂತೆ, ಅಷ್ಟೇ. ಬಾಡಿಗೆ ಏರಿಸೋದು ಅಂದ್ರೆ ಹೊಸ ಒಪ್ಪಂದ. ಇಬ್ಬರೂ ಹ್ಞೂಂ ಅನ್ಬೇಕು. ಅವರು ಒಪ್ಪದಿದ್ರೆ ಹದಿನೈದು ದಿನದ ನೋಟಿಸ್ ಕೊಟ್ಟು ಬಿಡಿಸ್ಬೇಕು. ಬಿಡದಿದ್ರೆ ಕೋರ್ಟಿಗೆ ಹೋಗ್ಬೇಕು. ನಿನ್ನ ವಾಟ್ಸಾಪು ಯಾವುದೂ ಅಲ್ಲ."

ಹದಿನೈದು ದಿನ. ಬರೆದ ಕರಾರು ಇಲ್ಲದ, ತಿಂಗಳ ಬಾಡಿಗೆಯ ಮನೆಗೆ ಕಾನೂನು ಕೊಡುವ ಸಮಯ ಅಷ್ಟೇ. ಹದಿಮೂರು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವಳಿಗೂ ಅಷ್ಟೇ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಒಂದು ಮಾದರಿ ಬಾಡಿಗೆ ಕಾಯಿದೆ ಕಳಿಸಿದೆ. ಅದರ ಪ್ರಕಾರ ಬಾಡಿಗೆ ಏರಿಸುವ ಮೂರು ತಿಂಗಳು ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ತಗೊಳ್ಳುವಂತಿಲ್ಲ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ಮೂರು ತಿಂಗಳು ಅನ್ನುವ ಮಾತು ನನ್ನ ತಲೆಯಲ್ಲಿ ಕೂತಿತು. ಬೇರೆ ಮನೆ ಹುಡುಕಲು, ಮಕ್ಕಳ ಶಾಲೆ ನೋಡಲು, ಠೇವಣಿ ಹೊಂದಿಸಲು ಒಂದು ಸಂಸಾರಕ್ಕೆ ಅಷ್ಟಾದರೂ ಬೇಕು.

ಮರುದಿನ ರಜೆ ಹಾಕಿ ಹೊರಟೆ. ದೇವಿಮನೆ ಘಾಟು ಇಳಿದು ಕುಮಟಾ, ಅಲ್ಲಿಂದ ಅಂಕೋಲಾ, ಕಾರವಾರ. ಮೂರು ತಾಸಿನ ಮೇಲೇ ಆಯಿತು. ದಾರಿ ಉದ್ದಕ್ಕೂ ಏನು ಹೇಳಬೇಕು ಅಂತ ಒಳಗೊಳಗೇ ಜೋಡಿಸುತ್ತಿದ್ದೆ. ಯಾವುದೂ ಕೂಡಿ ಬರಲಿಲ್ಲ.

ಯಾರ ಬಾಗಿಲೂ ತಟ್ಟದೆ ಮೊದಲು ಅತ್ತೆಯ ಕೋಣೆ ತೆಗೆದೆ. ಕಪಾಟಿನಲ್ಲಿ ಸೀರೆಗಳ ಕೆಳಗೆ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ವಹಿ ಇತ್ತು. ಕಿರಾಣಿ ಅಂಗಡಿಯಲ್ಲಿ ಇಡುತ್ತಿದ್ದರಲ್ಲ, ಅಂಥದ್ದು. ಅದಿದೆ ಅಂತ ನನಗೆ ಗೊತ್ತಿತ್ತು. ತೆಗೆದು ನೋಡಿರಲಿಲ್ಲ. ಎಲ್ಲ ಕಾಗದ ನೋಡಿದ್ದೆ. ವಿಲ್, ಮನೆ ಪಟ್ಟಿಯ (ಮನೆ ತೆರಿಗೆಯ) ರಸೀದಿ, ಖಾತೆ ಉತಾರ, ವಿದ್ಯುತ್ ಬಿಲ್ಲು. ಇದೊಂದನ್ನು ಬಿಟ್ಟು.

ಮೊದಲ ಪುಟದಲ್ಲೇ ಠೇವಣಿ ಬರೆದಿದ್ದರು. ಹಿಂದಿನ ಮನೆ 10,000. ಮುಂದಿನ ಮನೆ 20,000. ಮಾಳಿಗೆ 25,000. ಒಟ್ಟು 55,000. ಆ ದುಡ್ಡು ಎಲ್ಲೂ ಇರಲಿಲ್ಲ, ಅತ್ತೆಯ ಆಸ್ಪತ್ರೆಗೇ ಹೋಗಿತ್ತು. ಆದರೆ ಕೊಡಬೇಕಾದವಳು ಈಗ ನಾನು. ಮನೆ ಬಂತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮನೆಯ ಜೊತೆ 55,000 ರೂಪಾಯಿ ಸಾಲವೂ ಬಂದಿದೆ ಅಂತ ಗೊತ್ತಾಗಿದ್ದು ಆ ಪುಟದಲ್ಲಿ. ಆನುವಂಶಿಕವಾಗಿ ಬಾಡಿಗೆ ಮನೆ ಸಿಕ್ಕವರಿಗೆ ನಾನು ಮೊದಲು ಹೇಳುವುದು ಇದನ್ನೇ. ಏನು ಬರುತ್ತದೆ ಅಂತ ನೋಡುವ ಮೊದಲು ಏನು ವಾಪಸ್ ಕೊಡಬೇಕು ಅಂತ ನೋಡಿ.

ಆಮೇಲಿನ ಪುಟಗಳನ್ನು ಓದುತ್ತ ಮಧ್ಯಾಹ್ನ ಆಯಿತು.

ಹಿಂದಿನ ಮನೆಯ ಪುಟಗಳಲ್ಲಿ ಪ್ರತಿ ವರ್ಷ ಒಂದೇ ಥರದ ಒಂದು ಸಾಲು ಇತ್ತು. "ಜೂನ್. 1900. ಟ್ರಾಲ್ ಬಂದ್." "ಜುಲೈ. 1900." ಆಗಸ್ಟಿನಲ್ಲಿ ಸ್ವಲ್ಪ ಜಾಸ್ತಿ, ಸೆಪ್ಟೆಂಬರಿನಲ್ಲಿ "ಬಾಕಿ ತೀರಿತು." ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆಗ ಮಾರ್ಕೆಟ್ಟಿನಲ್ಲಿ ಬಂಗಡೆಯೂ ಇಲ್ಲ, ತಾರ್ಲೆಯೂ ಇಲ್ಲ. ಅಕ್ಕ ಒಣಮೀನು ಮಾರಿ ದಿನ ದೂಡುತ್ತಾಳೆ. ಅತ್ತೆ ಅದನ್ನು ಬಾಯಲ್ಲಿ ಹೇಳಲಿಲ್ಲ, ಕರಾರಿನಲ್ಲಿ ಬರೆಯಲಿಲ್ಲ. ಆದರೆ ಅವರ ಬಾಡಿಗೆ ಸಮುದ್ರದ ಪಂಚಾಂಗದ ಪ್ರಕಾರ ನಡೆಯುತ್ತಿತ್ತು. ನಾನು ನನ್ನ ಸಂಬಳದ ಪಂಚಾಂಗ ಹಿಡಿದು ಒಂದನೇ ತಾರೀಕು ಅಂದಿದ್ದೆ.

"ಮೇ 2016. ಮಾಡಿನ ಹಂಚು 40 ಬದಲು. ಅವಳ ತಮ್ಮನೇ ಹತ್ತಿ ಹಾಕಿದ. ಕೂಲಿ ತಗೊಳ್ಳಲಿಲ್ಲ." ಅದಾದ ಮೇಲೆ ಪ್ರತಿ ಮೇ ತಿಂಗಳಲ್ಲೂ ಅಂಥದ್ದೇ ಏನಾದರೊಂದು. ಬಾವಿ ಹೂಳು ತೆಗೆದದ್ದು. ತೆಂಗಿನ ಕಾಯಿ ಇಳಿಸಿದ್ದು. ಪಾಗಾರದ ಕಲ್ಲು ಬಿದ್ದದ್ದನ್ನು ಕಟ್ಟಿದ್ದು. ಕೂಲಿಯ ಅಂಕಣ ಖಾಲಿ.

"ಏಪ್ರಿಲ್ 2020. ಕೇಳಿಲ್ಲ." "ಮೇ 2020. ಕೇಳಿಲ್ಲ." ಜೂನ್ ತಿಂಗಳಲ್ಲಿ: "ಅವಳೇ 1000 ತಂದಿಟ್ಟಳು. ಬೇಡ ಅಂದರೂ ಕೇಳಲಿಲ್ಲ."

2022ರ ಕೊನೆಯ ಹೊತ್ತಿಗೆ ಅಕ್ಷರ ಬದಲಾಗಿತ್ತು. ಅತ್ತೆಯ ದುಂಡು ಟೀಚರ್ ಅಕ್ಷರ ಹೋಗಿ ಉದ್ದುದ್ದ ಹುಡುಗನ ಅಕ್ಷರ ಬಂದಿತ್ತು. ಅತ್ತೆಗೆ ಕಣ್ಣು ಮಂಜಾಗಿತ್ತು, ಬರೆಯಲು ಆಗುತ್ತಿರಲಿಲ್ಲ. ಬಾಡಿಗೆ ವಹಿ ಬರೆಯುತ್ತಿದ್ದವನು ಹಿಂದಿನ ಮನೆಯ ಅಕ್ಕನ ಮಗ. ಅಂದರೆ ಬಾಡಿಗೆ ಕೊಡುವವನೇ ತನ್ನ ಬಾಡಿಗೆಯ ಲೆಕ್ಕ ಬರೆಯುತ್ತಿದ್ದ. ಕಾಣದ ಮುದುಕಿಯ ಎದುರು ಕೂತು. ನೋಡುವವರು ಯಾರೂ ಇಲ್ಲ. ಏನು ಬೇಕಾದರೂ ಬರೆಯಬಹುದಿತ್ತು. ಬ್ಯಾಂಕಿನ ಅಭ್ಯಾಸದಿಂದ ನಾನು ಪ್ರತಿ ಸಾಲನ್ನೂ ಬೆರಳಿಟ್ಟು ನೋಡಿದೆ. "ಜುಲೈ 2023. 1900 ಕೊಟ್ಟಿದ್ದೇವೆ. ಬಾಕಿ 1900." ತನ್ನ ಬಾಕಿಯನ್ನು ತಾನೇ ಬರೆದಿದ್ದ. ಪ್ರತಿ ಸಾಲಿನ ಕೊನೆಗೆ ಅತ್ತೆಯ ಸಹಿ, ಗೆರೆ ಬಿಟ್ಟು ಕೆಳಗೆ ಜಾರಿದ್ದು.

ವಹಿ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತೆ. 3800 ಕಮ್ಮಿ ಬಾಡಿಗೆ ಅಂತ ಬ್ರೋಕರ್ ಹೇಳಿದ್ದ, ನಾನೂ ನಂಬಿದ್ದೆ. ಅದು ಕಮ್ಮಿ ಆಗಿರಲಿಲ್ಲ. ಒಂದು ಭಾಗ ದುಡ್ಡಾಗಿ ಬರುತ್ತಿತ್ತು, ಇನ್ನೊಂದು ಭಾಗ ಹಂಚಾಗಿ, ಬಾವಿಯ ನೀರಾಗಿ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರೆದೊಯ್ದ ರಿಕ್ಷಾ ಆಗಿ ಬರುತ್ತಿತ್ತು. ಅತ್ತೆ ಹೋದ ಮೇಲೆ ಆ ಎರಡನೇ ಭಾಗ ಪಡೆಯಲು ಅಲ್ಲಿ ಯಾರೂ ಇರಲಿಲ್ಲ. ನಾನು ಇರುವುದು ಶಿರಸಿಯಲ್ಲಿ. ನನಗೆ ದುಡ್ಡೇ ಬೇಕು, ಮಾಡು ದುಡ್ಡಿನಿಂದಲೇ ಆಗಬೇಕು. ಅದು ಸರಿಯೇ. ಆದರೆ ಹಳೆಯ ಲೆಕ್ಕ ಏನಿತ್ತು ಅಂತ ಓದದೆ ಹೊಸ ಲೆಕ್ಕ ಬರೆಯಲು ಹೊರಟಿದ್ದೆ.

ನನ್ನ ಅಜ್ಜ ಅಂಕೋಲಾ ಕಡೆ ಗೇಣಿ ಗದ್ದೆ ಮಾಡುತ್ತಿದ್ದ. ಬೆಳೆದ ಭತ್ತವನ್ನು ಹೊತ್ತು ಒಡೆಯರ ಅಂಗಳಕ್ಕೆ ಹಾಕಬೇಕು. ಮಳೆ ಬರಲಿ ಬಿಡಲಿ, ಗದ್ದೆಗೆ ಉಪ್ಪುನೀರು ನುಗ್ಗಲಿ, ಗೇಣಿ ಅಷ್ಟೇ. ಈ ಕರಾವಳಿಯಲ್ಲಿ ಗೇಣಿದಾರರನ್ನು ಕಟ್ಟಿದ ದಿನಕರ ದೇಸಾಯಿಯವರ ರೈತ ಹೋರಾಟದ ಮಾತು ನಮ್ಮ ಮನೆಯಲ್ಲಿ ದೇವರ ಮಾತಿನ ಹಾಗೆ ನಡೆಯುತ್ತಿತ್ತು. 1974ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂದಾಗ ಅಜ್ಜ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಅಲೆದು, ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಆ ಆದೇಶದ ಕಾಗದ ತಗಡಿನ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಆ ಗದ್ದೆಯ ಅಕ್ಕಿ ಉಂಡೇ ಅತ್ತೆ ಟೀಚರ್ ಟ್ರೈನಿಂಗ್ ಮಾಡಿದ್ದು.

ಗದ್ದೆಯ ಗೇಣಿ ಬೇರೆ, ಮನೆ ಬಾಡಿಗೆ ಬೇರೆ. ಅದು ನನಗೆ ಗೊತ್ತು. ಈ ಮನೆಯನ್ನು ಅತ್ತೆ ಯಾರಿಂದಲೂ ಕಿತ್ತುಕೊಂಡಿಲ್ಲ, ಸಂಬಳದಲ್ಲಿ ಕಟ್ಟಿಸಿದ್ದು. ಆದರೆ "ಅಷ್ಟೇ, ಕೊಡಿ" ಅನ್ನುವ ದನಿ ಇದೆಯಲ್ಲ, ಅದನ್ನು ಕೇಳಿ ಬೆಳೆದ ಮನೆ ನಮ್ಮದು. ಆ ದನಿ ನನ್ನ ಮೆಸೇಜಿನಲ್ಲಿ ಹೇಗೆ ಬಂತು ಅಂತ ನಾನು ಬಹಳ ಯೋಚಿಸಿದ್ದೇನೆ. ಫೋನಿನಲ್ಲಿ ಬರೆಯುವಾಗ ಎದುರಿಗೆ ಮುಖ ಇರುವುದಿಲ್ಲ. ಅದೇ ಕಾರಣ ಇರಬೇಕು.

ಸಂಜೆ ಐದಕ್ಕೆ ಅಕ್ಕ ಮಾರ್ಕೆಟ್ಟಿನಿಂದ ಬಂದಳು. ಬುಟ್ಟಿ ತೊಳೆದು ಗೋಡೆಗೆ ಒರಗಿಸಿದಳು. ನನ್ನನ್ನು ನೋಡಿ, "ಒಡತಿ ಬಂದ್ರಾ" ಅಂದಳು. ಚುಚ್ಚಿ ಹೇಳಿದ್ದಲ್ಲ. ಮೊದಲು ನನ್ನನ್ನು ಹೆಸರು ಹಿಡಿದು, ತಂಗಿ ಅಂತ ಕರೆಯುತ್ತಿದ್ದವಳು. ಮನೆ ನನ್ನದಾಯಿತು, ಕರೆಯುವುದೂ ಬದಲಾಯಿತು.

ನಾನು ವಹಿ ತೋರಿಸಿದೆ. ಮೆಸೇಜ್ ಹಾಕಿದ್ದು ತಪ್ಪಾಯಿತು ಅಂದೆ. ಬಂದು ಮಾತಾಡಬೇಕಿತ್ತು ಅಂದೆ. ಆಮೇಲೆ, ದಾರಿಯಲ್ಲಿ ಯೋಚಿಸದೇ ಇದ್ದ ಒಂದು ಮಾತು ಬಾಯಿಗೆ ಬಂತು. "ನಿಮ್ಮ ಬಾಡಿಗೆ ಹಾಗೇ ಇರಲಿ. ಏರಿಸೋದಿಲ್ಲ."

ಅವಳು ಖುಷಿ ಪಡುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು.

"ಹಾಗೆ ಬೇಡ. ಇವತ್ತು ವಹಿ ನೋಡಿ ಮನಸ್ಸು ಕರಗಿದೆ, ಬಿಡ್ತೀಯ. ಎರಡು ವರ್ಷ ಆದ್ಮೇಲೆ ಬೇಜಾರಾಗ್ತದೆ. ಬೇಜಾರಾದ ಒಡೆಯ ಹಂಚು ಹಾಕಿಸೋದಿಲ್ಲ. ಸೋರ್ಲಿ ಅಂತ ಬಿಡ್ತಾನೆ. ಏರಿಸು. ಕೊಡೋಕೆ ಆಗುವಷ್ಟು ಏರಿಸು. ಆದ್ರೆ ಮನೆ ಬಿಡಿ ಅಂತ ಮಾತ್ರ ಹೇಳ್ಬೇಡ. ಒಂದ್ಸಲ ಬಿಟ್ಟಿದ್ದೇವೆ."

ಒಂದು ಸಲ ಅಂದರೆ ಸೀಬರ್ಡ್, ಅರ್ಗಾದ ನೌಕಾನೆಲೆಯ ಯೋಜನೆ. ಅವಳ ತವರು ಅರ್ಗಾ ಕಡೆಯದು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಬಂದು ನೌಕಾನೆಲೆಗೆ ಅಡಿಗಲ್ಲು ಹಾಕಿದಾಗ ಅವಳು ಶಾಲೆಗೆ ಹೋಗದ ಸಣ್ಣ ಹುಡುಗಿ. ಜನ ಹೆದ್ದಾರಿ ಬದಿ ನಿಂತು ಹೆಲಿಕಾಪ್ಟರ್ ನೋಡಿದ್ದು ನೆನಪಿದೆ ಅನ್ನುತ್ತಾಳೆ. ಅದಾಗಿ ಎಷ್ಟೋ ವರ್ಷ ಏನೂ ಆಗಲಿಲ್ಲ, ಎಲ್ಲರೂ ಮರೆತರು. ಆಮೇಲೆ ಒಮ್ಮೆಲೇ ಊರೂರೇ ಏಳಬೇಕಾಯಿತು. ಸುಮಾರು ನಾಲ್ಕು ಸಾವಿರ ಕುಟುಂಬಗಳು. ಆ ನೌಕಾನೆಲೆ, ಐಎನ್‌ಎಸ್ ಕದಂಬ, 2005ರಲ್ಲಿ ಶುರುವಾಯಿತು. ಪರಿಹಾರದ ಕೇಸುಗಳು ಅದಾದ ಮೇಲೂ ಎಷ್ಟೋ ವರ್ಷ ನಡೆದವು. ಜನ ಮನೆ ಬಿಡುವಾಗ ಕಿಟಕಿ, ಬಾಗಿಲು, ಹಂಚು ಕಿತ್ತು ಗಾಡಿಯಲ್ಲಿ ತಂದರು.

"ಅದು ನೋಡು" ಅಂದಳು. ಹಿಂದಿನ ಗೋಡೆಗೆ ಒರಗಿಸಿ ಒಂದು ಉದ್ದನೆಯ ಮರದ ತುಂಡು ಇತ್ತು. ಸಣ್ಣವಳಿದ್ದಾಗಿಂದ ನೋಡುತ್ತಿದ್ದೇನೆ ಅಂತ ಅನ್ನಿಸಿತು, ಆದರೆ ಅವಳು ಈ ಮನೆಗೆ ಬಂದ 2011ರ ನಂತರವೇ ಅದು ಬಂದಿರಬೇಕು. ಹಲಸಿನ ಮರ, ಕಪ್ಪಾಗಿದೆ. ನಡುವೆ ತಗ್ಗು ಬಿದ್ದಿದೆ, ಕಾಲು ಇಟ್ಟೂ ಇಟ್ಟೂ ಸವೆದದ್ದು. ಅವಳ ಅಪ್ಪನ ಮನೆಯ ಹೊಸ್ತಿಲು. ಯಾವಾಗಲಾದರೂ ಸ್ವಂತ ಮನೆ ಆದರೆ ಕೂರಿಸಬೇಕು ಅಂತ ಅಪ್ಪ ಇಟ್ಟುಕೊಂಡಿದ್ದನಂತೆ. ಅವನು ಹೋದ. ಗಂಡನೂ ಹೋದ. ಹೊಸ್ತಿಲು ಮೂರು ಬಾಡಿಗೆ ಮನೆ ಸುತ್ತಿ ಇಲ್ಲಿಗೆ ಬಂದಿದೆ. ಗೆದ್ದಲು ಹಿಡಿಯಬಾರದು ಅಂತ ಪ್ರತಿ ಮಳೆಗಾಲದ ಮೊದಲು ಗೇರು ಸಿಪ್ಪೆಯ ಎಣ್ಣೆ ಸವರುತ್ತಾಳೆ. ನಾನು ಕೈಯಿಟ್ಟು ನೋಡಿದೆ. ಆ ತಗ್ಗು ನನ್ನ ಅಂಗೈಗೆ ಸರಿಯಾಗಿ ಕೂತಿತು.

ಎಷ್ಟು ಕೊಡಬಹುದು ಅಂತ ಕೇಳಿದೆ. "ಮಾಗೀರ್ ಸಾಂಗ್ತಾ" ಅಂದಳು. ಆಮೇಲೆ ಹೇಳ್ತೇನೆ ಅಂತ. ಮಗ ಬಂದ ಮೇಲೆ ಇಬ್ಬರೂ ಒಳಗೆ ಹೋಗಿ ಮಾತಾಡಿದರು. ಹೊರಗೆ ಬಂದು 4600 ಅಂದಳು. ನಾನು 4500 ಅಂತ ಮನಸ್ಸಲ್ಲೇ ಎಣಿಸಿದ್ದೆ. ಜನವರಿಯಿಂದ. ಅಂದರೆ ಮೂರು ತಿಂಗಳು ಬಿಟ್ಟು. ಜೂನ್, ಜುಲೈ ಅರ್ಧ, ಬಾಕಿ ಸೆಪ್ಟೆಂಬರ್ ಒಳಗೆ. ಆಮೇಲೆ ಪ್ರತಿ ಜನವರಿಗೆ ಶೇ. 5. ಮಾಡು ಮಾತ್ರ ಮೊದಲು ಆಗಬೇಕು. ಅದನ್ನು ಹೇಳಿದ್ದು ಹುಡುಗ. "ಮೊದ್ಲು ಹಂಚು, ಆಮೇಲೆ ಬಾಡಿಗೆ" ಅಂದ. ನ್ಯಾಯವಾದ ಮಾತು. ಹ್ಞೂಂ ಅಂದೆ.

ಮುಂದಿನ ಮನೆಯವರದು ಬೇಗ ಮುಗಿಯಿತು. ಅವರು ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರು, ಬೆಳಿಗ್ಗೆ ಕತ್ತಲೆ ಇರುವಾಗಲೇ ಬಸ್ಸು ಹಿಡಿಯುತ್ತಾರೆ. ಅವರಿಗೆ ಮಾರ್ಕೆಟ್ ರೇಟು ಗೊತ್ತಿತ್ತು. ಏರಿಸಿದ್ದಕ್ಕೆ ಬೇಸರ ಇರಲಿಲ್ಲ, ಹೇಳಿದ ರೀತಿಗೆ ಇತ್ತು. ಬಚ್ಚಲಿನ ವಯರಿಂಗ್ ಸರಿ ಮಾಡಿಸಿಕೊಟ್ಟರೆ 5500 ಕೊಡುತ್ತೇವೆ ಅಂದರು. ಬಚ್ಚಲಿಗೆ ಹೋಗಿ ನೋಡಿದೆ. ಹೀಟರಿನ ಸ್ವಿಚ್ಚು ಸುಟ್ಟು ಕಪ್ಪಾಗಿತ್ತು. ಅಲ್ಲಿ ಎರಡು ಸಣ್ಣ ಮಕ್ಕಳಿದ್ದರು. ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಬಾಡಿಗೆ ಕೇಳಲು ಹೋಗದಿದ್ದರೆ ಆ ಸ್ವಿಚ್ಚು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ನರ್ಸ್ ಹುಡುಗಿಯರನ್ನು ಮಾತ್ರ ಉಳಿಸಿಕೊಳ್ಳಲು ಆಗಲಿಲ್ಲ. ಅವರು ಆಗಲೇ ಬೇರೆ ಕಡೆ ಅಡ್ವಾನ್ಸ್ ಕೊಟ್ಟು ಬಂದಿದ್ದರು. ಬೇಕಾದರೆ 5800ಕ್ಕೆ ಇರಿ ಅಂದೆ. ಅವರಲ್ಲಿ ದೊಡ್ಡವಳು, "ಮೊದ್ಲೇ ಹೀಗೆ ಕೇಳಿದ್ರೆ ಇರ್ತಿದ್ವಿ ಮೇಡಂ" ಅಂದಳು. ಅತ್ತೆಯ ಕೊನೆಯ ದಿನಗಳಲ್ಲಿ ಡ್ಯೂಟಿ ಮುಗಿಸಿ ಬಂದು ಇಂಜೆಕ್ಷನ್ ಕೊಡುತ್ತಿದ್ದವಳು ಅವಳೇ. ಠೇವಣಿಯ 25,000 ನನ್ನ ಉಳಿತಾಯದಿಂದ ಕೊಟ್ಟೆ. ಮಾಳಿಗೆ ಎರಡು ತಿಂಗಳು ಖಾಲಿ ಬಿತ್ತು. ಅದು 10,000. ಸುಣ್ಣ ಬಣ್ಣಕ್ಕೆ 14,000. ಡಿಸೆಂಬರಿನಲ್ಲಿ ಬಂದ ಹೊಸಬರು 6500 ಕೊಡುತ್ತಾರೆ, ಅಂದರೆ ಮೊದಲಿಗಿಂತ 1500 ಜಾಸ್ತಿ. ಆ 24,000 ವಾಪಸ್ ಬರಲು ಹದಿನಾರು ತಿಂಗಳು ಬೇಕು. ಹೊಸ ಒಡೆಯರು ಯಾರಾದರೂ ಇದ್ದರೆ ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಇರುವವರು ಹೋದರೆ ಜಾಸ್ತಿ ಬರುತ್ತದೆ ಅನ್ನುವವರು ಖಾಲಿ ಬಿದ್ದ ತಿಂಗಳುಗಳನ್ನು ಎಣಿಸುವುದಿಲ್ಲ. ಇಂಜೆಕ್ಷನ್ ಕೊಟ್ಟ ಹುಡುಗಿಯನ್ನಂತೂ ಯಾವ ಲೆಕ್ಕದಲ್ಲಿ ಹಿಡಿಯಬೇಕೋ ನನಗೆ ತಿಳಿದಿಲ್ಲ.

ಮಾಡಿನ ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಯಿತು. ಅಕ್ಕನ ತಮ್ಮ ಬಡಗಿಯ ಜೊತೆ ಮೇಲೆ ಹತ್ತಿದ. ಈ ಸಲ ಕೂಲಿ ಕೊಟ್ಟೆ. ಬೇಡ ಅಂದ. ವಹಿಯಲ್ಲಿ ಕೂಲಿಯ ಅಂಕಣ ಖಾಲಿ ಇದೆ, ತುಂಬಬೇಕು ಅಂದೆ. ಆಮೇಲೆ ತಗೊಂಡ. ಹಳೆ ಹಂಚಿನಲ್ಲಿ ಚೆನ್ನಾಗಿದ್ದದ್ದನ್ನು ಉಳಿಸಿಕೊಂಡೆವು. ರೀಪು ಪೂರಾ ಹೊಸದು. ಒಟ್ಟು 1,78,000 ಆಯಿತು.

2025ರ ಲೆಕ್ಕದಲ್ಲಿ ಮೂರೂ ಸೇರಿ ತಿಂಗಳಿಗೆ 16,600. ವರ್ಷಕ್ಕೆ 1,99,200. ಆದಾಯ ತೆರಿಗೆ ಲೆಕ್ಕದಲ್ಲಿ ಮನೆ ಬಾಡಿಗೆಯಿಂದ ಮನೆ ಪಟ್ಟಿ ಕಳೆದು, ಉಳಿದದ್ದರಲ್ಲಿ ಶೇ. 30 ಬಿಡುತ್ತಾರೆ. ರಿಪೇರಿ ಮಾಡಿಸಿ, ಮಾಡಿಸದೆ ಇರಿ, ಆ ರಿಯಾಯಿತಿ ಸಿಗುತ್ತದೆ. ಹೆಚ್ಚಿನವರು ಅದನ್ನು ತೆರಿಗೆ ಉಳಿತಾಯ ಅಂತ ಮಾತ್ರ ನೋಡುತ್ತಾರೆ. ನಾನು ಆ ದುಡ್ಡನ್ನು ಬೇರೆ ಖಾತೆಗೇ ಹಾಕುತ್ತಿದ್ದೇನೆ. ನನ್ನ ಮನೆ ಪಟ್ಟಿ 4200, ಅದನ್ನು ಕಳೆದರೆ ವರ್ಷಕ್ಕೆ 58,500 ಆಗುತ್ತದೆ. ಅದು ಮನೆಯದೇ ದುಡ್ಡು. ಸರ್ಕಾರವೇ ರಿಪೇರಿಗೆ ಅಂತ ಬಿಟ್ಟ ಮೇಲೆ ನಾನು ಸೀರೆಗೆ, ಪ್ರವಾಸಕ್ಕೆ ಹಾಕಿದರೆ ಮಾಡು ಇನ್ನು ಹತ್ತು ವರ್ಷಕ್ಕೆ ಮತ್ತೆ ಸೋರುತ್ತದೆ. ಮತ್ತೆ ಯಾರಿಗೋ ಒಮ್ಮೆಲೇ ಏರಿಸಬೇಕಾಗುತ್ತದೆ. ಠೇವಣಿಗೂ ಒಂದು ಖಾತೆ ಮಾಡಿದ್ದೇನೆ. ಅದನ್ನು ಮುಟ್ಟುವುದಿಲ್ಲ.

ಮೂರೂ ಮನೆಗೆ ಕಾಗದವನ್ನೂ ಮಾಡಿದೆವು, ಹನ್ನೊಂದು ತಿಂಗಳ ಕರಾರು. ಅಕ್ಕನ ಕರಾರಿನಲ್ಲಿ ಜೂನ್, ಜುಲೈ ಅರ್ಧ ಅಂತ ಬರೆಸಿದೆ. ಟೈಪ್ ಮಾಡುವವನು ತಲೆ ಎತ್ತಿ ನೋಡಿದ. ಹಾಗೇ ಬರಿ ಅಂದೆ. ನಾನು ಇರುವವರೆಗೆ ಬಾಯಿ ಮಾತು ಸಾಕು. ನಾಳೆ ನನ್ನ ಮಗಳ ಕೈಗೆ ಈ ಮನೆ ಹೋದರೆ? ಅವಳು ಬೆಂಗಳೂರಿನಲ್ಲಿ ಕೂತು, ಊಟ ಆದ ಮೇಲೆ, ಐದು ನಿಮಿಷದಲ್ಲಿ ಮೆಸೇಜ್ ಬರೆಯಬಾರದಲ್ಲ.

2025ರ ಜುಲೈಯಲ್ಲಿ ನನಗೆ ಕಾರವಾರಕ್ಕೆ ಹೋಗಲು ಆಗಲಿಲ್ಲ. ಘಾಟಿನಲ್ಲಿ ಮಳೆ ಹಿಡಿದಿತ್ತು. ಐದನೇ ತಾರೀಕಿನ ರಾತ್ರಿ ಹುಡುಗನಿಂದ ಒಂದು ಫೋಟೋ ಬಂತು. ವಹಿಯ ಪುಟ. ಅವನ ಉದ್ದುದ್ದ ಅಕ್ಷರ. "ಜುಲೈ 2025. 2300 ಕೊಟ್ಟಿದ್ದೇವೆ. ಬಾಕಿ 2300. ಜೂನ್ ಬಾಕಿ 2300. ಮಾಡು ಸೋರಿಲ್ಲ." ಕೆಳಗೆ ಒಂದು ಮೆಸೇಜು: "ಅಕ್ಕಾ, ಸಹಿ ಜಾಗ ಖಾಲಿ ಬಿಟ್ಟಿದ್ದೇನೆ. ಬಂದಾಗ ಮಾಡಿ. ಅಮ್ಮ ಒಣ ನೊಗಲಿ ಮೀನು ಎತ್ತಿಟ್ಟಿದ್ದಾಳೆ, ತಂಗಿಗೆ ಅಂತ."